ಲ್ಯಾಬಿನ ಬ್ಲ್ಯಾಕ್ ಗ್ರಾನೈಟ್

ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸುವ ಮೊದಲು ಅವರು ಅದರ ಬಾಯಿಗೆ ಎರಡು ಸಲ ಊದುತ್ತಿದ್ದರು. ಒಂದು ಸಲ ಗಟ್ಟಿಯಾಗಿ, ಇನ್ನೊಂದು ಸಲ ಮೆಲ್ಲಗೆ. ಪೆನ್‌ಡ್ರೈವಿಗಷ್ಟೇ ಅಲ್ಲ, ಪ್ರಿಂಟರಿನ ವೈರಿಗೆ, ಸಿಮ್ ಕಾರ್ಡಿಗೆ, ಒಮ್ಮೆ ನನ್ನ ಸ್ಟೇಪ್ಲರಿಗೂ ಊದಿದ್ದರು. ಅದನ್ನು ಅವರ ಎದುರಿಗೇ ಕರವಸ್ತ್ರದಿಂದ ಒರೆಸಿ ಡ್ರಾಯರಿನಲ್ಲಿಟ್ಟೆ. ಅವರಿಗೆ ಅರ್ಥವಾಗಲಿಲ್ಲ.

“ಕ್ಯಾಸೆಟ್ ಕಾಲದ ಅಭ್ಯಾಸ ಮೇಡಂ,” ಎಂದರು. “ಊದ್ಲಿಲ್ಲ ಅಂದ್ರೆ ಗೇಮ್ ಬತ್ತಿರ್ಲಿಲ್ಲ.”

ಸ್ಟಾಫ್ ರೂಮಿನಲ್ಲಿ ಜಾಗವಿಲ್ಲವೆಂದು ನನ್ನ ಮೇಜನ್ನು ಕಂಪ್ಯೂಟರ್ ಲ್ಯಾಬಿನ ಮೂಲೆಗೆ ಹಾಕಿದ್ದರಿಂದ ಇದನ್ನೆಲ್ಲ ನಾನು ದಿನವೂ ನೋಡಬೇಕಾಗಿತ್ತು. ಕೊಳ್ಳೇಗಾಲದ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಅವರು ಅಲ್ಲಿನ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಈಗ ಕಾಲೇಜು ಬಿಟ್ಟು ಹನೂರಿನ ಬಸ್ ನಿಲ್ದಾಣದ ಎದುರು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟಿದ್ದಾರೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದು ಹೋದ ತಿಂಗಳು ಪ್ರಿನ್ಸಿಪಾಲರು ನನ್ನನ್ನು ಕೇಳಿದರು. ಬರೆದುಕೊಟ್ಟೆ. ನಾಲ್ಕೂ ಒಳ್ಳೆಯ ಸಾಲುಗಳು. ಹಾಗಾಗಿ ಅವುಗಳಲ್ಲಿ ಅವರಿಲ್ಲ.

ವಯಸ್ಸು ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಹುಟ್ಟಿದ್ದು ಕಾಡಿನಂಚಿನ ಲೊಕ್ಕನಹಳ್ಳಿಯಲ್ಲಿ, ಇದ್ದದ್ದು ಯಳಂದೂರಿನ ಅಕ್ಕನ ಮನೆಯಲ್ಲಿ. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಳಗೆ ಹಳೆಯ ವಿಡಿಯೋ ಗೇಮಿನ ಚಿತ್ರವಿರುವ ಟೀ ಶರ್ಟ್ ಹಾಕುತ್ತಿದ್ದರು. ಬೆವರಿದಾಗ ಒಳಗಿನ ಬಾತುಕೋಳಿ ಹೊರಗೆ ಕಾಣುತ್ತಿತ್ತು. ಪ್ರಿನ್ಸಿಪಾಲರು ಎರಡು ಸಲ ಅದನ್ನು ನೋಡಿ, ಏನೂ ಹೇಳದೆ ಹೋಗಿದ್ದಾರೆ. ಆ ಕಾಲೇಜಿನಲ್ಲಿ ತಾತ್ಕಾಲಿಕ ನೌಕರರ ಬಗ್ಗೆ ಇರುವ ಔದಾರ್ಯ ಅದೊಂದೇ.

ಜಗತ್ತಿನ ಅತ್ಯುತ್ತಮ ವಿಡಿಯೋ ಗೇಮುಗಳು ಯಾವುವೆಂದು ನಾನು ಅವರನ್ನು ಎಂದೂ ಕೇಳಿಲ್ಲ. ಆದರೂ ನನಗೆ ಗೊತ್ತು. ಮೊದಲನೆಯದು ಇಟ್ಟಿಗೆ ಗೋಡೆಯ ನಡುವಿನ ಹದ್ದನ್ನು ಕಾಯುವ ಟ್ಯಾಂಕ್ ಆಟ. ಎರಡನೆಯದು ಮೀಸೆಯ ಕೊಳಾಯಿ ರಿಪೇರಿಯವನು ಆಮೆಗಳ ಬೆನ್ನ ಮೇಲೆ ಕುಪ್ಪಳಿಸುವುದು. ಮೂರನೆಯದು ಬಾತುಕೋಳಿಗೆ ಗುಂಡು ಹೊಡೆಯುವುದು, ಗುರಿ ತಪ್ಪಿದರೆ ನಾಯಿ ನಗುವುದು. ಈ ಅನುಕ್ರಮ ಏಕೆ ಹೀಗಿದೆ ಎಂಬುದನ್ನು ಅವರು ಊಟದ ಡಬ್ಬಿ ಬಿಚ್ಚಿದಾಗ ಆರಂಭಿಸಿ, ಮುಚ್ಚಿದ ಮೇಲೂ ಮುಂದುವರಿಸುತ್ತಿದ್ದರು. ಟ್ಯಾಂಕ್ ಆಟವೊಂದರ ಬಗ್ಗೆಯೇ ಒಂದು ವಾರ ಮಾತಾಡಿದ್ದುಂಟು. ಆ ವಾರ ನಾನು ಇಡೀ ಸೆಮಿಸ್ಟರಿನ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದೆ.

ಅವರ ಬಳಿ ಒಂದು ಸಿದ್ಧಾಂತವೂ ಇತ್ತು. ಸೋದರಮಾವ ಮೆಟ್ಟೂರಿನಿಂದ ಬಟ್ಟೆಯಲ್ಲಿ ಸುತ್ತಿ ತಂದ ಟಿವಿ ಗೇಮನ್ನು ಲೊಕ್ಕನಹಳ್ಳಿಯಲ್ಲಿ ಆಡಿ ಬೆಳೆದವರು ಅವರು. ಯಾವ ಕ್ಯಾಸೆಟ್ಟಿನಲ್ಲೂ ಆಟವನ್ನು ಅರ್ಧಕ್ಕೆ ಉಳಿಸಿಟ್ಟು ಮತ್ತೆ ಮುಂದುವರಿಸುವ ಅನುಕೂಲವಿರಲಿಲ್ಲ.

“ಒಳ್ಳೇ ಗೇಮ್ ಅಂದ್ರೆ ಒಂದು ನಿಮಿಷದಲ್ಲಿ ಶುರುವಾಗ್ಬೇಕು ಮೇಡಂ. ನಮ್ಮೂರಲ್ಲಿ ಕರೆಂಟು ಯಾವಾಗ ಓಯ್ತದೆ ಅಂತ ಯಾರ್ಗ್ ಗೊತ್ತು? ಅರ್ಧ ಗಂಟೆ ಕಥೆ ಹೇಳ್ಕಂಡು ಕೂರೋ ಗೇಮು ನಮಗಲ್ಲ.”

ಲೊಕ್ಕನಹಳ್ಳಿಯ ಕರೆಂಟನ್ನು ಅಳತೆಗೋಲಾಗಿ ಹಿಡಿದು, ಈ ಆಟಗಳನ್ನು ಮಾಡಿದ ಜಪಾನಿನವರ ಕೆಲಸಕ್ಕೆ ಅಂಕ ಕೊಟ್ಟವರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು.

ನಾಲ್ಕನೆಯ ಆಟದ ಕಥೆ ಇನ್ನೂ ನಗೆಪಾಟಲಿನದು. ಕೊಡೆ ಹಿಡಿದ ಹುಡುಗಿಯೊಬ್ಬಳು ತೆಂಗಿನ ಮರ ಹತ್ತಿ ಮೊಸಳೆಗಳ ಮೇಲೆ ಕಾಯಿ ಕೆಡವುತ್ತಾಳಂತೆ. ಈ ಆಟವನ್ನು ಅವರ ಹೊರತು ಯಾರೂ ನೋಡಿಲ್ಲ. ಅವರಲ್ಲಿದ್ದದ್ದು ಲಕ್ಷ ಗೇಮುಗಳು ಒಂದರಲ್ಲೇ ಎಂದು ಬರೆದ ಹಳದಿ ನಕಲಿ ಕ್ಯಾಸೆಟ್. ಯಾರೋ ಯಾವುದೋ ಆಟದ ಚಿತ್ರಗಳನ್ನು ಬದಲಿಸಿ ಅದರಲ್ಲಿ ತುಂಬಿದ್ದರೆಂದು ಕಾಣುತ್ತದೆ. ಅಂಥ ಆಟವೇ ಇಲ್ಲ ಎಂದು ಇಂಟರ್ನೆಟ್ಟಿನಲ್ಲಿ ಹತ್ತು ದೇಶದವರು ಅವರಿಗೆ ಹೇಳಿದ್ದರು. ಇದೆ ಎಂದು ಇವರು ವರ್ಷಗಟ್ಟಲೆ ವಾದಿಸುತ್ತಿದ್ದರು. ಸಾಕ್ಷಿಗೆ ಕ್ಯಾಸೆಟ್ಟಿನ ಫೋಟೋ ಕೇಳಿದರೆ ತೋರಿಸುವಂತಿರಲಿಲ್ಲ, ಏಕೆಂದರೆ ಅವರಕ್ಕ ಅದನ್ನು ಹಳೆಯ ಸಾಮಾನಿನ ಜೊತೆ ಪಾತ್ರೆಯವನಿಗೆ ಹಾಕಿ ಒಂದು ಸ್ಟೀಲ್ ಬೋಸಿ ತೆಗೆದುಕೊಂಡಿದ್ದರು. ಆ ಬೋಸಿಯಲ್ಲೇ ಇವರಿಗೆ ದಿನವೂ ಸಾರು ಬಡಿಸುತ್ತಿದ್ದರಂತೆ.

ಮನುಷ್ಯರನ್ನೂ ಅವರು ಟಿವಿ ಗೇಮಿನಿಂದಲೇ ಅಳೆಯುತ್ತಿದ್ದರು. ಆ ಪೆಟ್ಟಿಗೆಗೆ ಎರಡು ಕಂಟ್ರೋಲುಗಳಿರುತ್ತಿದ್ದವು. ಆಟ ಶುರು ಮಾಡುವ, ನಿಲ್ಲಿಸುವ ಗುಂಡಿ ಮೊದಲನೆಯದರಲ್ಲಿ ಮಾತ್ರ. ಎರಡನೆಯದನ್ನು ಹಿಡಿದವನು ಎಷ್ಟು ಚೆನ್ನಾಗಿ ಆಡಿದರೂ, ನಿಲ್ಲಿಸುವುದು ಇನ್ನೊಬ್ಬನ ಕೈಯಲ್ಲಿರುತ್ತಿತ್ತು. “ನಮ್ ಪ್ರಿನ್ಸಿಪಾಲ್ರು ಎರಡನೇ ಕಂಟ್ರೋಲ್ ಮೇಡಂ. ಮೊದಲ್ನೇದು ಅಧ್ಯಕ್ಷರತ್ರ ಅದೆ,” ಎಂದು ಒಂದು ದಿನ ಗುಟ್ಟು ಹೇಳುವವರಂತೆ ಹೇಳಿದರು. ಹತ್ತು ವರ್ಷಕ್ಕೂ ಮೇಲಾಗಿ ತಾತ್ಕಾಲಿಕವಾಗಿ ದುಡಿಯುತ್ತಿದ್ದ ಅವರ ಕೈಯಲ್ಲಿ ಯಾವ ಕಂಟ್ರೋಲಿದೆ ಎಂದು ನಾನು ಕೇಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಆದರೆ ಅವರು ಸೂಪರ್‌ಹೀರೋ ಕೂಡ ಆಗಿದ್ದರು.

ಲ್ಯಾಬಿನ ಕೊನೆಯ ಸಾಲಿನ ಒಂದು ಕಂಪ್ಯೂಟರಿಗೆ ಸ್ವಂತ ದುಡ್ಡಿನಲ್ಲಿ ಬಿಡಿಭಾಗಗಳನ್ನು ಹಾಕಿಸಿ, ಊಟದ ಹೊತ್ತಿನಲ್ಲಿ ಒಂದು ಆನ್‌ಲೈನ್ ಆಟ ಆಡುತ್ತಿದ್ದರು. ಅಮೆರಿಕದ ಯಾವುದೋ ಕಂಪನಿಯದು. ಅದರಲ್ಲೊಂದು ದೊಡ್ಡ ಊರು. ಬೇರೆ ಬೇರೆ ದೇಶದವರು ತಮಗೆ ಬೇಕಾದ ವೇಷದ ಸೂಪರ್‌ಹೀರೋಗಳನ್ನು ಮಾಡಿಕೊಂಡು, ಬೆನ್ನಿಗೆ ಕೇಪ್ ಕಟ್ಟಿಕೊಂಡು, ಅಲ್ಲಿ ಹಾರಾಡುತ್ತಾ ಕಳ್ಳರನ್ನು ಹಿಡಿಯುತ್ತಿದ್ದರು. ಇವರ ಹೀರೋನ ಕೇಪ್ ನೀಲಿ ಮತ್ತು ಹಳದಿ, ಮದುವೆ ಮನೆಯ ಶಾಮಿಯಾನದ ಬಣ್ಣ. ಹೆಸರು ಬ್ಲ್ಯಾಕ್ ಗ್ರಾನೈಟ್.

“ಅದು ನೆಲಕ್ಕೆ ಹಾಕುವ ಕಲ್ಲು,” ಎಂದೆ.

“ಅದ್ಕೇ ಮೇಡಂ, ಗಟ್ಟಿ. ನಮ್ ಕಡೇದು.”

ಆ ಊರಿನಲ್ಲಿ ಯಳಂದೂರಿನಿಂದ ಕೊಳ್ಳೇಗಾಲದಷ್ಟು ದೂರವನ್ನು ಬ್ಲ್ಯಾಕ್ ಗ್ರಾನೈಟ್ ಮೂರು ಸೆಕೆಂಡಿನಲ್ಲಿ ಹಾರುತ್ತಾನೆ ಎಂದು ಅವರು ಹೇಳುತ್ತಿದ್ದರು. ಸ್ವತಃ ಅವರು ವಾರಕ್ಕೆ ಮೂರು ದಿನವಾದರೂ ಬಸ್ ತಪ್ಪಿಸಿಕೊಂಡು ತಡವಾಗಿ ಬರುತ್ತಿದ್ದರು.

ಮುಂದೆ ಮಾಡುವ ಸೂಪರ್‌ಹೀರೋ ಆಟದಲ್ಲಿ ಏನೇನಿರಬೇಕು ಎಂದು ಕಂಪನಿ ಆಟಗಾರರನ್ನು ಕೇಳಿದಾಗ ನನ್ನ ಕಷ್ಟ ಶುರುವಾಯಿತು. ಅವರ ಆಸೆಗಳಿಗೆ ಇಂಗ್ಲಿಷ್ ಬೇಕಾಗಿತ್ತು.

“ಮಳೆ ಬಂದ್ರೆ ಕೇಪ್ ನೆನೀಬೇಕು. ನೆಂದ್ರೆ ಹಾರಕ್ಕೆ ಭಾರ ಆಗ್ಬೇಕು. ನೋಡಿ ಮೇಡಂ, ಹಿಂಗ್ ಬರ್ದಿವ್ನಿ.”

ನೋಡಿದೆ. “ಇದು ವಾಕ್ಯ ಅಲ್ಲ,” ಎಂದೆ.

“ಅರ್ಥ ಆಯ್ತದಲ್ಲ?”

“ಆಗುತ್ತೆ. ಆದರೆ ವಾಕ್ಯ ಅಲ್ಲ.”

ಆಮೇಲೆ ಇನ್ನೊಂದು ಆಸೆ. ಕಾಪಾಡಿಸಿಕೊಂಡವರು ಹೀರೋನ ಗುರುತಿಟ್ಟುಕೊಳ್ಳಬೇಕು. ಈಗಿನ ಆಟದಲ್ಲಿ ಕಳ್ಳನಿಂದ ಬಿಡಿಸಿದ ಹೆಂಗಸು ಒಂದು ಥ್ಯಾಂಕ್ಸ್ ಹೇಳಿ ಓಡಿಹೋಗುತ್ತಾಳಂತೆ. ಮತ್ತೆ ಅದೇ ಬೀದಿಯಲ್ಲಿ ಸಿಕ್ಕರೆ ಗುರುತೇ ಇರುವುದಿಲ್ಲವಂತೆ.

“ಗುರುತಿಟ್ಟುಕೊಳ್ಳಲಿ ಅಂತ ಕಾಪಾಡುವುದೇ?” ಎಂದು ಕೇಳಿದೆ.

“ಹಂಗಲ್ಲ ಮೇಡಂ. ಎರಡನೇ ಸಲ ಕಾಪಾಡಕ್ಕೋದಾಗ ಅವ್ಳು ನಮ್ಮುನ್ನೇ ನೋಡಿ ಹೆದರ್ಕಬಾರ್ದು ಅಂತ.”

ಆನೆಯದು ಎಲ್ಲಕ್ಕಿಂತ ದೊಡ್ಡ ಆಸೆ. ಆ ಆಟದಲ್ಲಿ ಹೊಡೆಯುವ, ಸುಡುವ, ಹೆಪ್ಪುಗಟ್ಟಿಸುವ ಶಕ್ತಿಗಳು ಬೇಕಾದಷ್ಟಿದ್ದವು. ಹೊಲಕ್ಕೆ ಬಂದ ಆನೆಯನ್ನು ಒಂದು ಗಾಯವೂ ಮಾಡದೆ ಕಾಡಿಗೆ ವಾಪಸ್ ಕಳಿಸುವ ಶಕ್ತಿ ಒಂದೂ ಇರಲಿಲ್ಲ. ಕಂಪನಿಯವರ ಊರಿನಲ್ಲಿ ಹೊಲವೂ ಇಲ್ಲ, ಆನೆಯೂ ಇಲ್ಲ ಎಂದು ಹೇಳಿ ನೋಡಿದೆ. “ಹಾಕ್ಲಿ ಅಂತ್ಲೇ ಅಲ್ವಾ ಕೇಳ್ತಿರೋದು?” ಎಂದರು. ತಿದ್ದಿಕೊಟ್ಟೆ. ನಿಮ್ಮ ಸಲಹೆಗೆ ವಂದನೆಗಳು ಎಂದು ಯಂತ್ರ ಕಳಿಸುವಂಥ ಉತ್ತರ ಬಂತು. ಅದನ್ನು ಅವರು ಪ್ರಿಂಟ್ ತೆಗೆದು ನನಗೆ ತೋರಿಸಿದರು.

ಸಂಬಳ ಸಾಲದು ಎಂದು ಆಡಳಿತ ಮಂಡಳಿಗೆ ಒಂದು ಸಾಲು ಬರೆಯದವರು, ಇಲ್ಲದ ಊರಿನ ಇಲ್ಲದ ಆನೆಯ ಪರವಾಗಿ ಅಮೆರಿಕಕ್ಕೆ ಅರ್ಜಿ ಹಾಕಿದರು. ನನಗೆ ಅವರ ಮೇಲೆ ಇದ್ದದ್ದು ಸಿಟ್ಟಲ್ಲ. ಸಿಟ್ಟಿಗೆ ಎದುರಿನವರು ಸ್ವಲ್ಪವಾದರೂ ತಕ್ಕವರಾಗಿರಬೇಕು.

ಇಂಥವರಿಗೆ ಒಂದು ಅವಕಾಶ ಬಂತು. ಲ್ಯಾಬಿನ ಹುದ್ದೆಯನ್ನು ಖಾಯಂ ಮಾಡುತ್ತೇವೆ, ಬುಧವಾರ ಬೆಳಿಗ್ಗೆ ಸಂದರ್ಶನ ಎಂದು ಆಡಳಿತ ಮಂಡಳಿ ನೋಟಿಸ್ ಹಾಕಿತು. ಅದೇ ವಾರ ಅವರು ನನ್ನ ಮೇಜಿನ ಹತ್ತಿರ ಬಂದು, “ಮುಚ್ತಾರಂತೆ ಮೇಡಂ,” ಎಂದರು.

“ಏನನ್ನು?”

“ಊರ್ನ.”

ಕಂಪನಿಗೆ ಲಾಭವಿರಲಿಲ್ಲವಂತೆ. ಆ ಆಟವನ್ನೇ ನಿಲ್ಲಿಸುತ್ತಿದ್ದರು. ಅವರ ನಡುರಾತ್ರಿಗೆ, ಎಂದರೆ ನಮ್ಮ ಬುಧವಾರದ ಮಧ್ಯಾಹ್ನ ಒಂದೂವರೆಗೆ. ಆಮೇಲೆ ಬ್ಲ್ಯಾಕ್ ಗ್ರಾನೈಟ್ ಎಲ್ಲೂ ಇರುವುದಿಲ್ಲ.

“ಕ್ಯಾಸೆಟ್ಟಲ್ಲಿ ಕರೆಂಟ್ ಓಯ್ತು ಅಂದ್ರೆ ಎಲ್ಲಾ ಓಯ್ತು. ಇದ್ರಲ್ಲಿ ಹಂಗಲ್ಲ, ಇಲ್ಲಿ ಕರೆಂಟ್ ಓದ್ರೂ ಅವ್ನು ಅಲ್ಲಿರ್ತಾನೆ ಅಂದ್ಕಂಡಿದ್ದೆ,” ಎಂದರು. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರ ಬಾಯಲ್ಲಿ ಈ ಮಾತು.

ಸಂದರ್ಶನ ಬೆಳಿಗ್ಗೆ, ಆಟ ಮುಚ್ಚುವುದು ಮಧ್ಯಾಹ್ನ. ಎರಡಕ್ಕೂ ಹೊಡೆದಾಟವಿರಲಿಲ್ಲ. ಆದರೂ ಮಂಗಳವಾರ ಸಂಜೆ ಯಳಂದೂರಿನಿಂದ ಅವರಕ್ಕ ನನಗೆ ಫೋನ್ ಮಾಡಿದರು. ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಂಗಸು. ನಾನು ಅವರನ್ನು ಒಮ್ಮೆಯೂ ನೋಡಿರಲಿಲ್ಲ.

“ಮೇಡಮ್ಮೋರೆ, ನಾನು ಅವನಕ್ಕ ಕಣಿ. ನೀವು ಹೇಳಿದ್ರೆ ಕೇಳ್ತಾನೆ ಅಂತ ನಿಮ್ಗೆ ಮಾಡ್ದೆ. ನಾಳೀಕೆ ಅವ್ನ ಆ ಮಿಷನ್ ಮುಂದೆ ಕೂರಕ್ಕೆ ಬುಡಬ್ಯಾಡಿ. ಕಾಯಂ ಆಯ್ತು ಅಂದ್ರೆ ಒಂದು ಹೆಣ್ಣಾದ್ರೂ ಕೊಟ್ಟಾರು. ನಾನಿರೋಗಂಟ ಸರಿ, ಆಮೇಲಿಕೆ ಅವ್ನ ಯಾರು ನೋಡ್ಕತಾರೆ? ಮಾದಪ್ಪನಿಗೆ ಮುಡಿ ಕೊಡ್ತೀನಿ ಅಂತ ಹೊತ್ಕಂಡಿವ್ನಿ.”

ನೋಡಿಕೊಳ್ಳುತ್ತೇನೆ ಎಂದೆ. ನಾನು ಯಾರಿಗೂ ಸುಲಭವಾಗಿ ಮಾತು ಕೊಡುವುದಿಲ್ಲ.

ಬುಧವಾರ ಬೆಳಿಗ್ಗೆ ಆಡಳಿತ ಮಂಡಳಿಯ ಅಧ್ಯಕ್ಷರು ಬರಲಿಲ್ಲ. ಮೈಸೂರಿನಿಂದ ಅವರ ಕಾರು ಕಾಲೇಜಿನ ಗೇಟು ದಾಟುವಾಗ ಹನ್ನೆರಡು ಹೊಡೆದಿತ್ತು. ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರು. ಪಂಚಾಂಗ ನೋಡದೆ ಕಾಲೇಜಿನ ನೀರಿನ ತೊಟ್ಟಿಯನ್ನೂ ತೊಳೆಸದ ಮನುಷ್ಯ ಅವರು. ರಾಹುಕಾಲ ಕಳೆದ ಕೂಡಲೇ, ಒಂದೂವರೆಗೆ ಸರಿಯಾಗಿ ಮೊದಲ ಅಭ್ಯರ್ಥಿಯನ್ನು ಕರೆಯಿರಿ ಎಂದು ಹೇಳಿ ಊಟಕ್ಕೆ ಹೋದರು. ಮೊದಲ ಅಭ್ಯರ್ಥಿ ಇವರು. ಕೊಳ್ಳೇಗಾಲದ ಪಂಚಾಂಗವೂ ಅಮೆರಿಕದ ಕಂಪನಿಯೂ ಒಂದೇ ಗಳಿಗೆಯನ್ನು ಆರಿಸಿಕೊಂಡಿದ್ದವು.

ಕ್ಲಾಸ್ ಮುಗಿಸಿ ನಾನು ಲ್ಯಾಬಿಗೆ ಬಂದಾಗ ಅವರು ಹೊಸ ಬೆಲ್ಟು, ಹೊಸ ಶರ್ಟಿನಲ್ಲಿ ಕೊನೆಯ ಸಾಲಿನ ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಒಂದು ಚೌಕ. ಅದರ ತುಂಬ ಕೇಪುಗಳು, ರೆಕ್ಕೆಗಳು, ಕೊಂಬುಗಳು. ಹಾರುವವರು ಯಾರೂ ಇರಲಿಲ್ಲ, ಎಲ್ಲರೂ ನೆಲದ ಮೇಲೆ ನಿಂತಿದ್ದರು. ಅಟೆಂಡರ್ ಬಂದು ಇವರ ಹಿಂದೆ ನಿಂತ.

“ಸಾ, ಬರ್ಬೇಕಂತೆ. ಬಾಗ್ಲತಾವ ಬೆಂಚ್ ಮ್ಯಾಲೆ ಕುಂತಿರ್ಬೇಕಂತೆ.”

“ನಡಿ, ಬತ್ತೀನಿ.”

ಅಟೆಂಡರ್ ಬಗ್ಗಿ ಪರದೆ ನೋಡಿದ. “ಯಾರ್ ಮದ್ವೆ ಸಾ ಇದು? ಇಷ್ಟೊಂದ್ ಜನ ಸೇರವ್ರೆ.”

ಅವರು ಕೀಬೋರ್ಡಿನ ಒಂದು ಕೀ ಒತ್ತಿದರು. ಅಟೆಂಡರ್ ನನ್ನ ಕಡೆ ನೋಡಿ ಹೊರಟುಹೋದ. ನಾನು ಹತ್ತಿರ ಹೋಗಿ, ಹೊತ್ತಾಯಿತು ಎಂದೆ.

“ನಾನೆದ್ರೆ, ಕೀ ಒತ್ತೋರಿಲ್ಲ ಅಂತ ಐದು ನಿಮಿಷಕ್ಕೆ ಗೇಮು ಇವ್ನ ಹೊರಗಾಕ್ಬುಡ್ತದೆ ಮೇಡಂ. ಕೊನೇವರ್ಗೂ ಇಲ್ಲೇ ಇರ್ತೀನಿ ಅಂತ ಮಾತು ಕೊಟ್ಟಿವ್ನಿ.”

“ಯಾರಿಗೆ?”

ಬ್ಲ್ಯಾಕ್ ಗ್ರಾನೈಟಿನ ಎಡಕ್ಕೆ ತಗಡಿನ ಮೈಯ, ಬಿಳಿ ತುರುಬಿನ ಒಂದು ಆಕೃತಿ ನಿಂತಿತ್ತು. ತವರದಜ್ಜಿ ಎಂಬ ಅರ್ಥ ಬರುವ ಹೆಸರು. ಅದನ್ನು ಬೆರಳಿನಿಂದ ತೋರಿಸಿದರು.

“ನಿಮ್ಮ ಅಕ್ಕನಿಗೆ ನಾನೂ ಮಾತು ಕೊಟ್ಟಿದ್ದೇನೆ,” ಎಂದೆ. “ಏಳಿ. ನಾನು ಕೂರುತ್ತೇನೆ.”

“ನಿಮ್ಗೆ ಬರಲ್ಲ.”

“ಏನು ಮಾಡಬೇಕೋ ಹೇಳಿ.”

“ಬಾಣದ ಗುರುತಿನ ಕೀ ಒತ್ತಿ ಆಗಾಗ. ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು. ಹಾರಿಸ್ಬ್ಯಾಡಿ. ಅಜ್ಜಿ ಪಕ್ಕನೇ ಇರ್ಲಿ.” ಬಾಗಿಲ ತನಕ ಹೋದವರು ತಿರುಗಿ, “ಏನಾರ ಕೇಳಿದ್ರೆ ಉತ್ತರ ಕೊಡಿ, ಸುಮ್ನಿರ್ಬ್ಯಾಡಿ,” ಎಂದರು.

ನಾನು ಕೂತೆ. ಎಡಕ್ಕೊಂದು ಹೆಜ್ಜೆ ಒತ್ತಿದೆ, ಬಲಕ್ಕೊಂದು. ನನ್ನನ್ನು ಯಾರಾದರೂ ವಿದ್ಯಾರ್ಥಿ ನೋಡುತ್ತಿದ್ದಾನೆಯೇ ಎಂದು ಕಿಟಕಿಯ ಕಡೆ ನೋಡಿದೆ. ಪರದೆಯ ಕೆಳಗೆ ಅಕ್ಷರಗಳು ಮೂಡಿದವು. ತವರದಜ್ಜಿ ಬರೆದಿದ್ದಳು: ಎಲ್ಲರೂ ಬಂದಿದ್ದಾರೆ, ಇವತ್ತೊಂದು ದಿನ ದಯವಿಟ್ಟು ಟ್ಯಾಂಕ್ ಆಟದ ವಿಷಯ ಎತ್ತಬೇಡ.

ಭೂಮಿಯ ಆ ಬದಿಯವರಿಗೂ ಅವರು ಬೇಸರ ತರಿಸಿದ್ದಾರೆಂದು ತಿಳಿದು ನನಗೆ ಸಮಾಧಾನವಾಯಿತು. ನಾನು ಅವರಲ್ಲ, ಅವರ ಸಹೋದ್ಯೋಗಿ, ಅವರು ಸಂದರ್ಶನಕ್ಕೆ ಹೋಗಿದ್ದಾರೆ ಎಂದು ಟೈಪ್ ಮಾಡಿದೆ.

ಇದು ವಾಕ್ಯ ಅಲ್ಲ ಎನ್ನುವ ಟೀಚರ್ ನೀವೇನಾ ಎಂದು ಕೇಳಿದಳು.

ನಾನು ಏನು ತಿನ್ನುತ್ತೇನೆ, ಯಾವ ಊರಿನವಳು ಎಂದು ಸ್ಟಾಫ್ ರೂಮಿನಲ್ಲಿ ಕೂಡ ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಂಡಿದ್ದೇನೆ. ಇಲ್ಲಿ ಕೊಂಬಿನವನೊಬ್ಬ, ರೆಕ್ಕೆಯವಳೊಬ್ಬಳು, ಹಸಿರು ಮುಖದ ಇನ್ನೊಬ್ಬ ನನ್ನ ಸುತ್ತ ಸೇರಿ ನಮಸ್ಕಾರ ಟೀಚರ್ ಎನ್ನುತ್ತಿದ್ದರು. ನನ್ನ ಕೇಪು ನೀಲಿ ಮತ್ತು ಹಳದಿ.

ಅದು ಕೆಲಸ ಖಾಯಂ ಆಗುವ ಸಂದರ್ಶನವೇ ಎಂದು ಕೊಂಬಿನವನು ಕೇಳಿದ. ಹೌದು ಎಂದೆ. ಅವನ ಅಕ್ಕ ಹೇಗಿದ್ದಾರೆ ಎಂದು ರೆಕ್ಕೆಯವಳು ಕೇಳಿದಳು. ಚೆನ್ನಾಗಿದ್ದಾರೆ ಎಂದೆ. ನಮ್ಮ ಕಾಲೇಜಿನಲ್ಲಿ ಈ ಎರಡು ಪ್ರಶ್ನೆಗಳನ್ನು ಯಾರೂ ಕೇಳಿದ್ದು ನಾನು ಕಾಣೆ.

ಆಮೇಲೆ ಅವರು ಆಡಿದ್ದೆಲ್ಲ ಕೆಲಸಕ್ಕೆ ಬಾರದ ಮಾತು. ಅವರ ಊರು ಇನ್ನೇನು ಮುಳುಗುತ್ತದೆ, ಇವರು ಒಲೆಯ ಮೇಲಿಟ್ಟ ಸೂಪಿನ ಬಗ್ಗೆ, ನಾಳೆ ಮಗುವನ್ನು ಶಾಲೆಗೆ ಬಿಡುವ ಬಗ್ಗೆ ಮಾತಾಡುತ್ತಿದ್ದರು. ನಿಮ್ಮ ಊಟವಾಯಿತೇ ಎಂದು ಅಜ್ಜಿ ಕೇಳಿದಳು. ಇಲ್ಲ ಎಂದೆ. ಹೋಗಿ ಊಟ ಮಾಡಿ, ಅವನನ್ನು ನಾವು ನೋಡಿಕೊಳ್ಳುತ್ತೇವೆ ಎಂದಳು. ಕೀ ಒತ್ತಲು ನನಗೆ ಹೇಳಿದ್ದಾರೆ ಎಂದೆ. ಸರಿ ಹಾಗಾದರೆ ಒತ್ತಿ ಎಂದಳು.

ಒಂದೂವರೆ ಹತ್ತಿರವಾದಾಗ ಹಸಿರು ಮುಖದವನು ಹತ್ತರಿಂದ ಇಳಿಮುಖವಾಗಿ ಎಣಿಸಿದ. ಸೊನ್ನೆಯಾಯಿತು. ಏನೂ ಆಗಲಿಲ್ಲ. ಎಲ್ಲರೂ ನಕ್ಕರು. ಇನ್ನೊಂದು ಸಲ ಎಣಿಸಿದರು, ಆಗಲೂ ಏನೂ ಆಗಲಿಲ್ಲ. ಆ ಕಂಪನಿಗೆ ತನ್ನ ಬಾಗಿಲನ್ನು ಹೇಳಿದ ಹೊತ್ತಿಗೆ ಮುಚ್ಚಲೂ ಬರುತ್ತಿರಲಿಲ್ಲ. ಮತ್ತೆ ಯಾರೂ ಎಣಿಸಲಿಲ್ಲ. ನಮ್ಮ ನಾಯಿ ಬಾಗಿಲ ಹತ್ತಿರ ಹೋಗಿ ಎಂದು ಕೊಂಬಿನವನು ಏನೋ ಹೇಳಲು ಶುರು ಮಾಡಿದ್ದ. ಅಷ್ಟರಲ್ಲಿ ಪರದೆ ಬೂದು ಬಣ್ಣಕ್ಕೆ ತಿರುಗಿತು. ಆ ನಾಯಿ ಏನು ಮಾಡಿತೋ ಗೊತ್ತಿಲ್ಲ.

ಅವರು ಬೇಗನೇ ವಾಪಸ್ ಬಂದರು.

“ಮುಗೀತಾ?”

“ಮುಗಿಯಿತು. ಅಜ್ಜಿಯ ಪಕ್ಕದಲ್ಲೇ ಇದ್ದ. ನಿಮ್ಮದು?”

“ಹೆಸರು ಕೇಳಿದ್ರು. ಎಷ್ಟು ವರ್ಷದಿಂದ ಇದ್ದೀರಿ ಅಂದ್ರು. ಸರಿ, ತಿಳಿಸ್ತೀವಿ ಅಂದ್ರು.” ಕಂಪ್ಯೂಟರುಗಳಿಗೆ ಮುಸುಕು ಹಾಕತೊಡಗಿದರು. ಮತ್ತೇನನ್ನೂ ಕೇಳಲಿಲ್ಲ, ಟ್ಯಾಂಕ್ ಆಟದ ಮಾತೂ ಎತ್ತಲಿಲ್ಲ. ಆ ಲ್ಯಾಬ್ ಅಷ್ಟು ಸದ್ದಿಲ್ಲದೆ ಇದ್ದದ್ದು ನನಗೆ ನೆನಪಿಲ್ಲ. ಎಷ್ಟೋ ದಿನಗಳಿಂದ ನಾನು ಬಯಸಿದ್ದು ಅದನ್ನೇ.

ಸಂಜೆ ಗೇಟಿನ ಹತ್ತಿರ ಅಟೆಂಡರ್ ಸಿಕ್ಕಿದ. “ಅದು ಆಗ್ಲೇ ಆಗೋಗಿತ್ತು ಕಣಿ ಮೇಡಮ್ಮೋರೆ,” ಎಂದ. “ಅಧ್ಯಕ್ಷರ ತಂಗಿ ಅಳಿಯಂಗೆ. ಆರ್ಡರ್ ಟೈಪಾಗಿ ಸೋಮಾರ್ವೇ ಬಂದದೆ. ಇವ್ರುನ್ನ ಕರ್ದಿದ್ದು ಲೆಕ್ಕಕ್ಕೆ.”

“ಅವರಿಗೆ ಗೊತ್ತೇ?”

“ಬೆಂಚ್ ಮ್ಯಾಲೆ ಕುಂತಾಗ ನಾನೇ ಹೇಳ್ದೆ. ಹಂಗಾ ಅಂದ್ರು. ಎದ್ದೋಗಿ ಸಾ, ನಿಮ್ ಮದ್ವೆ ಮನೆಗೆ ಅಂದೆ. ಮೇಡಂ ಕೂತವ್ರೆ, ಈಗೆದ್ದೋದ್ರೆ ಬೈತಾರೆ ಅಂದ್ರು.”

ರಾಹುಕಾಲ ಕಳೆಯಲಿ ಎಂದು ಕಾದು, ಶುಭ ಗಳಿಗೆಯಲ್ಲಿ ಒಬ್ಬ ಮನುಷ್ಯನನ್ನು ಕರೆದು ಹೆಸರು ಕೇಳಿ ಕಳಿಸಿದವರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಹೋಗಿ ಯಳಂದೂರಿಗೆ ಫೋನ್ ಮಾಡಿದೆ. ನಿಮ್ಮ ತಮ್ಮ ಸಂದರ್ಶನಕ್ಕೆ ಹೊತ್ತಿಗೆ ಸರಿಯಾಗಿ ಹೋದರು ಎಂದು ಅವರಕ್ಕನಿಗೆ ಹೇಳಿದೆ. ಅದು ನಿಜ. ಉಳಿದದ್ದನ್ನು ಹೇಳುವುದು ಅವರ ಕೆಲಸ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ತಡವಾಗಿ ಬಂದರು. ಕೊನೆಯ ಸಾಲಿನಲ್ಲಿ ಎರಡು ಕುರ್ಚಿ ಹಾಕಿ, ಕೂತುಕೊಳ್ಳಿ ಎಂದೆ. ಯಾರು ಎಡಕ್ಕೆ ನಿಂತಿದ್ದರು, ಯಾರು ಬಲಕ್ಕೆ, ಯಾವ ಮಾತಿಗೆ ಯಾರು ಏನು ಹೇಳಿದರು, ಎಣಿಕೆ ತಪ್ಪಿದಾಗ ಮೊದಲು ನಕ್ಕವರಾರು, ಎಲ್ಲವನ್ನೂ ಮೊದಲಿನಿಂದ ಒಂದನ್ನೂ ಬಿಡದೆ ಹೇಳತೊಡಗಿದೆ. ಅವರು ನಡುನಡುವೆ ಬಾಯಿ ಹಾಕಿ, ರೆಕ್ಕೆಯವಳು ಹೆಂಗಸಲ್ಲ, ಗಡ್ಡದ ಮನುಷ್ಯ ಎಂದರು. ಸೂಪಿನ ತನಕ ಬರುವಷ್ಟರಲ್ಲಿ ಬೆಲ್ ಹೊಡೆಯಿತು. ನನ್ನ ಮೊದಲ ಪೀರಿಯಡ್. ನಾನು ಎದ್ದು ಹೋಗಿ, ಬಾಗಿಲ ಹತ್ತಿರ ಬಂದು ನಿಂತಿದ್ದ ವಿದ್ಯಾರ್ಥಿಗಳಿಗೆ ಕ್ಲಾಸಿನಲ್ಲಿ ಕೂತು ಕಾಯಿರಿ ಎಂದು ಹೇಳಿದೆ. ಬಾಗಿಲು ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತು, ಉಳಿದದ್ದನ್ನು ಮುಂದುವರಿಸಿದೆ.